‘ಕಡವೆ ಅಂತ ಹೊಡೆದೆ’ ಅನ್ನುವವನನ್ನು ನಂಬಬೇಡಿ

ಪ್ರಶ್ನೆ: ಸರ್, ನಾನು ಸಾಗರದ ಕಡೆಯವಳು. ಈಗ ಬೆಂಗಳೂರಿನಲ್ಲಿ ಕೆಲಸ. ಒಂದು ಗಾಥಿಕ್ ಥ್ರಿಲ್ಲರ್, ಅಂದರೆ ಹಳೇ ಮನೆ, ಹಳೇ ಪಾಪದ ಮೈ ನಡುಗಿಸುವ ಕಥೆ, ಬರೆಯುತ್ತಿದ್ದೇನೆ. ಕರಡನ್ನೂ ಕಳಿಸಿದ್ದೇನೆ. ಸಾಗರ–ಹೊಸನಗರ ನಡುವಿನ ಒಂದು ಹಳ್ಳಿ, ಅಲ್ಲೊಂದು ಹಳೇ ದೊಡ್ಡಮನೆ. ದೊಡ್ಡಮನೆ ಹುಡುಗ, ಅವರ ಹಳೇ ಒಕ್ಕಲು (ಗೇಣಿದಾರ) ಮನೆಯ ಹುಡುಗ, ದೊಡ್ಡಮನೆಯವನ ಚಿಕ್ಕಪ್ಪನ ಮಗ, ಮೂವರೂ ಗೆಳೆಯರು. 1994ರ ಆಗಸ್ಟಿನ ಒಂದು ಮಳೆ ರಾತ್ರಿ ಚಿಕ್ಕಪ್ಪನ ಮಗ ಕಾಣೆಯಾಗುತ್ತಾನೆ. ಮೂವತ್ತು ವರ್ಷದ ಮೇಲೆ ಬಾವಿ ಹೂಳು ತೆಗೆಸುವಾಗ ಅಸ್ಥಿಪಂಜರ ಸಿಗುತ್ತದೆ. ಜೇಬಿನ ಪರ್ಸಿನಲ್ಲಿ ಗುರುತಿನ ಚೀಟಿ ಇರುತ್ತದೆ, ಡಿಎನ್‌ಎ ಟೆಸ್ಟಿನಿಂದ ಕೊಲೆಗಾರ ಯಾರೆಂದು ತಿಳಿಯುತ್ತದೆ, ಅವನು ಇನ್‌ಸ್ಪೆಕ್ಟರ್ ಎದುರು ತಪ್ಪೊಪ್ಪಿಕೊಳ್ಳುತ್ತಾನೆ. ಓದಿದವರೆಲ್ಲ ‘ಚೆನ್ನಾಗಿದೆ, ಆದ್ರೆ ನಂಬೋಕಾಗಲ್ಲ’ ಅಂತಿದ್ದಾರೆ. ಇಷ್ಟು ಹಳೇ ಕೇಸು ಮತ್ತೆ ತೆರೆಯೋಕೆ ಆಗುತ್ತಾ? ಗೆಳೆತನ, ಪೈಪೋಟಿ ಎರಡೂ ಯಾಕೋ ಸಪ್ಪೆ ಅನಿಸುತ್ತಿವೆ. ದೆವ್ವ ತರದೆ ಗಾಥಿಕ್ ಮಾಡೋದು ಹೇಗೆ?

ಉತ್ತರ: ಶಿವಮೊಗ್ಗದಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ ನಾನು, ಜೊತೆಗೆ ಪತ್ತೇದಾರಿ ಕಾದಂಬರಿ ಓದುವ ಚಟ. ಎರಡೂ ಕಡೆಯಿಂದ ಹೇಳುತ್ತೇನೆ. ನಿಮ್ಮ ಕಥೆಯಲ್ಲಿ ನಂಬಲಿಕ್ಕಾಗದ್ದು ನಿಮ್ಮ ಊರು. ನಮ್ಮ ಕಡೆ ಹಳ್ಳಿಯಲ್ಲಿ ಯಾರ ಮನೆ ಹಸು ಕರು ಹಾಕಿತು, ಯಾರ ಮನೆಗೆ ಯಾವ ಬಸ್ಸಿಗೆ ಯಾವ ನೆಂಟರು ಬಂದರು, ಎಲ್ಲ ಸಂಜೆಯೊಳಗೆ ಗೊತ್ತಾಗುತ್ತದೆ. ಅಂಥಾ ಊರಲ್ಲಿ ಇಪ್ಪತ್ತೈದರ ಒಬ್ಬ ಹುಡುಗ ಮಾಯವಾಗಿ, ಮೂವತ್ತು ವರ್ಷ ಯಾರಿಗೂ ಏನೂ ಗೊತ್ತಿರಲಿಲ್ಲ ಅಂದರೆ ಸಾಗರದವರು ನಗುತ್ತಾರೆ. ಗೊತ್ತಿರುತ್ತದೆ ಕಣ್ರೀ. ಹೇಳುವುದಿಲ್ಲ ಅಷ್ಟೇ. ಯಾಕೆ ಹೇಳುವುದಿಲ್ಲ ಅನ್ನುವುದಕ್ಕೆ ಪ್ರತಿಯೊಬ್ಬರಿಗೂ ಒಂದೊಂದು ಕಾರಣ ಕೊಡಿ. ಕೊಲೆಗಾರ ಜಾಣನಾಗಿರಲೇಬೇಕು ಅಂತೇನಿಲ್ಲ. ಊರಿಗೆ ಬಾಯಿ ಬಿಡಲಾಗದ ಕಾರಣ ಇದ್ದರೆ ಪೆದ್ದ ಮಾಡಿದ ಕೊಲೆಯೂ ಮೂವತ್ತು ವರ್ಷ ಮುಚ್ಚಿಹೋಗುತ್ತದೆ.

ಮೊದಲು ಕಾನೂನಿನ ಪ್ರಶ್ನೆ ಮುಗಿಸೋಣ. ಕೊಲೆ ಕೇಸಿಗೆ ಕಾಲಮಿತಿ ಇಲ್ಲ. ಮೂವತ್ತಲ್ಲ, ನಲವತ್ತು ವರ್ಷದ ಮೇಲೂ ಹಿಡಿಯಬಹುದು. ಆದರೆ 1994ರಲ್ಲಿ ಸ್ಟೇಷನ್ನಿನಲ್ಲಿ ಏನೆಂದು ದಾಖಲಾಗಿತ್ತು ಅನ್ನುವುದರ ಮೇಲೆ ನಿಮ್ಮ ಕಥೆಯ ದಾರಿ ನಿಂತಿದೆ. ಹೆಣ ಸಿಕ್ಕಿ ‘ಕಾಲು ಜಾರಿ ಬಿದ್ದ’ ಅಂತ ಬರೆದುಕೊಂಡಿದ್ದರೆ ಅದು ಯುಡಿಆರ್, ಅಂದರೆ ಅಸಹಜ ಸಾವು. ಕೊಲೆ ಅಂತ ಕೇಸಾಗಿ ಆರೋಪಿ ಸಿಗದೇ ಹೋಗಿದ್ದರೆ ಪೊಲೀಸರು ಕೋರ್ಟಿಗೆ ಹಾಕುವುದು ಸಿ ರಿಪೋರ್ಟ್. ಬಿ ರಿಪೋರ್ಟ್ ಬೇರೆ, ಅದು ಕೇಸೇ ಸುಳ್ಳು ಅಥವಾ ಹುರುಳಿಲ್ಲ ಅನ್ನುವಾಗ. ಬಹಳ ಜನ ಬರಹಗಾರರು ಇವೆರಡನ್ನೂ ಕಲಸಿಬಿಡುತ್ತಾರೆ. ನಿಮ್ಮದರಲ್ಲಿ ಹೆಣವೇ ಸಿಗಲಿಲ್ಲ, ಹಾಗಾಗಿ ಬರೀ ‘ಮನುಷ್ಯ ಕಾಣೆ’. ಊರವರ ಬಾಯಲ್ಲಿ ‘ಬೊಂಬಾಯಿಗೆ ಓಡಿಹೋದ’. ಇದೇ ಒಳ್ಳೇದು, ಇದನ್ನೇ ಇಟ್ಟುಕೊಳ್ಳಿ. ಕೊಲೆ ಅಂತ ಕೇಸೇ ಆಗಿರದಿದ್ದರೆ ಈಗ ಎಲುಬು ಸಿಕ್ಕ ದಿನ ಹೊಸದಾಗಿ ಎಫ್‌ಐಆರ್ ಆಗುತ್ತದೆ, ‘ರೀಓಪನ್’ ಅನ್ನುವ ಸಿನಿಮಾ ಮಾತೇ ಬೇಡ. ಸಿ ರಿಪೋರ್ಟ್ ಆಗಿದ್ದ ಕೇಸಾದರೆ ಹೆಚ್ಚಿನ ತನಿಖೆ ಅಂತ ಮಾಡುತ್ತಾರೆ, ಹಳೇ ಸಿಆರ್‌ಪಿಸಿಯ 173(8), ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 193(9).

ಕಾಣೆಯಾದವನ ಬಗ್ಗೆ ಇನ್ನೊಂದು ವಿಷಯ ಇದೆ, ಅದು ನನಗೆ ಯಾವ ದೆವ್ವಕ್ಕಿಂತಲೂ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ. ಹೆಣ ಇಲ್ಲ ಅಂದರೆ ಮರಣ ಪತ್ರ ಇಲ್ಲ. ಮರಣ ಪತ್ರ ಇಲ್ಲ ಅಂದರೆ ಪೌತಿ ಖಾತೆ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬದಲಾಗುವುದು, ಆಗುವುದಿಲ್ಲ. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಸತ್ತಿದ್ದಾನೆಂದು ಭಾವಿಸಲು ಕಾನೂನಿನಲ್ಲಿ ಅವಕಾಶ ಇದೆ ನಿಜ, ಆದರೆ ಅದಕ್ಕೆ ಯಾರಾದರೂ ಸಿವಿಲ್ ಕೋರ್ಟಿಗೆ ಹೋಗಿ ದಾವೆ ಹಾಕಿ ಡಿಕ್ರಿ ತರಬೇಕು. ನಿಮ್ಮ ದೊಡ್ಡಮನೆಯವರು ಯಾಕೆ ದಾವೆ ಹಾಕಲಿಲ್ಲ? ಅವನ ಪಾಲಿನ ತೋಟದ ಪಹಣಿ ತೆಗೆಸಿದರೆ ಇವತ್ತಿಗೂ ಅವನದೇ ಹೆಸರು ಬರುತ್ತದೆ. ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು, ಹೆಸರು ಹಾಗೇ ಉಳಿಯಿತು. ಪ್ರತಿ ವರ್ಷ ಬೆಳೆ ಸಾಲಕ್ಕೆ ಪಹಣಿ ತರಲು ಹೋಗುವ ಅಣ್ಣ ಆ ಹೆಸರು ನೋಡಿ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಸೊಸೆಯೋ ಬ್ಯಾಂಕಿನ ಹೊಸ ಮ್ಯಾನೇಜರೋ ‘ಇದ್ಯಾರು ಸರ್?’ ಅಂತ ಕೇಳುವ ಕಡೆಯಿಂದ ನಿಮ್ಮ ಕಾದಂಬರಿ ಶುರುವಾಗಬಹುದು. ಬಾವಿ ಹೂಳಿಗಿಂತ ಇದು ಗಟ್ಟಿ.

ಈಗ ಆ ರಾತ್ರಿ. ಆಗಸ್ಟ್ ಬಿಡಿ. ಮಳೆ, ಕರೆಂಟ್ ಇಲ್ಲ, ಗುಡುಗು, ಇದೆಲ್ಲ ಎಲ್ಲರೂ ಬರೆದು ಹಳಸಿದೆ. ಕೊಲೆಯನ್ನು 1994ರ ನವೆಂಬರ್ ಕೊನೆಗೆ ತನ್ನಿ. ಅಡಿಕೆ ಕೊನೆ (ಗೊನೆ) ಕೊಯ್ಲು ನಡೆಯುವ ಕಾಲ, ಬೆಳಗಿನ ಜಾವ ತೋಟದ ತುಂಬ ಮಂಜು. ಆ ವರ್ಷ ನವೆಂಬರ್–ಡಿಸೆಂಬರಿನಲ್ಲೇ ವಿಧಾನಸಭೆ ಚುನಾವಣೆ. ಈ ಚುನಾವಣೆ ನಿಮಗೆ ಯಾಕೆ ಬೇಕು ಅಂದರೆ, ಚುನಾವಣೆ ಬಂದಾಗ ಲೈಸೆನ್ಸ್ ಇರುವ ಕೋವಿಗಳನ್ನು ಸ್ಟೇಷನ್ನಿನಲ್ಲಿ ಠೇವಣಿ ಇಡಿಸುತ್ತಾರೆ. ಮಂಗ, ಹಂದಿ ಕಾಟ ಅಂತ ಬೆಳೆ ರಕ್ಷಣೆಗೆ ಲೈಸೆನ್ಸ್ ತೆಗೆದುಕೊಂಡ ಮಲೆನಾಡಿನ ರೈತರು ಇದಕ್ಕೆ ಗೊಣಗುವುದು ಇದ್ದದ್ದೇ. ಹಾಗಾಗಿ ದೊಡ್ಡಮನೆಯ ಒಳ್ಳೇ ತೋಟೆ (ಕಾರ್ಟ್ರಿಜ್) ಕೋವಿ ಆ ರಾತ್ರಿ ಸ್ಟೇಷನ್ನಿನಲ್ಲಿದೆ, ಅದಕ್ಕೆ ರಶೀದಿ ಇದೆ, ರಿಜಿಸ್ಟರಿನಲ್ಲಿ ನಮೂದಿದೆ. ದೊಡ್ಡಮನೆ ಹುಡುಗನಿಗೆ ಇದಕ್ಕಿಂತ ಭದ್ರವಾದ ರಕ್ಷಣೆ ಬೇಕಾ? ‘ನನ್ನ ಕೋವಿ ಪೊಲೀಸರ ಹತ್ರಾನೇ ಇತ್ತು ಸ್ವಾಮಿ.’

ಹಾಗಾದರೆ ಈಡು ಹಾರಿದ್ದು ಯಾವ ಕೋವಿಯಿಂದ? ಒಕ್ಕಲು ಮನೆಯ ಅಟ್ಟದಲ್ಲಿ ಅಡಿಕೆ ಹಾಳೆ ಮುಚ್ಚಿಟ್ಟಿದ್ದ, ಲೈಸೆನ್ಸಿಲ್ಲದ ಕೇಪಿನ ಕೋವಿಯಿಂದ. ಅಲ್ಲಿಗೆ ನಿಮ್ಮ ಇಬ್ಬರು ಗೆಳೆಯರೂ ಒಂದೇ ಹಗ್ಗದಲ್ಲಿ ಬಿಗಿದುಕೊಂಡರು. ಹೊಡೆದವನು ಒಬ್ಬ, ಕೋವಿ ಇನ್ನೊಬ್ಬನ ಅಪ್ಪನದು. ಇವನು ಬಾಯಿ ಬಿಟ್ಟರೆ ಅವನ ಅಪ್ಪ ಒಳಗೆ, ಅವನು ಬಾಯಿ ಬಿಟ್ಟರೆ ಇವನು ಒಳಗೆ. ಮಳೆಗಾಲ ಬೇಡ ಅಂದಿದ್ದಕ್ಕೆ ಇನ್ನೊಂದು ಕಾರಣವೂ ಇದೇ. ಕೇಪಿನ ಕೋವಿಗೆ ನಳಿಗೆ ಬಾಯಿಂದ ಮದ್ದು ತುಂಬಬೇಕು. ಜಡಿಮಳೆಯಲ್ಲಿ ಮದ್ದು ನೆನೆದರೆ ಕುದುರೆ (ಕೋವಿಯ ಸುತ್ತಿಗೆ) ಬಿದ್ದರೂ ಈಡಾಗುವುದಿಲ್ಲ, ಕೋವಿ ಹಿಡಿದವರು ಯಾರೂ ಆ ಅಧ್ಯಾಯ ನಂಬುವುದಿಲ್ಲ. ಮತ್ತೆ, ಇಂಥ ಕೋವಿಯ ನಳಿಗೆ ಒಳಗೆ ನಯವಾಗಿರುತ್ತದೆ. ಹಾಗಾಗಿ ಸಿಕ್ಕ ಸೀಸದ ಗುಂಡನ್ನು ಇಟ್ಟುಕೊಂಡು ‘ಇದೇ ಕೋವಿಯಿಂದ ಹಾರಿದ್ದು’ ಅಂತ ಲ್ಯಾಬಿನವರು ಖಚಿತವಾಗಿ ಹೇಳುವುದು ಕಷ್ಟ. ತೋಟೆ ಕೋವಿಯಾದರೆ ಖಾಲಿ ತೋಟೆಯ ಬುಡದಲ್ಲಿ ಮೊಳೆ (ಫೈರಿಂಗ್ ಪಿನ್) ಬಡಿದ ಗುರುತು ಸಿಗುತ್ತದೆ, ಇದರಲ್ಲಿ ಅದೂ ಇಲ್ಲ.

ಮೂವರೂ ಹಣೆಗೆ ಬ್ಯಾಟರಿ ಕಟ್ಟಿಕೊಂಡು ರಾತ್ರಿ ಶಿಕಾರಿಗೆ ಹೋಗಿದ್ದರು ಅಂತಿಟ್ಟುಕೊಳ್ಳಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ, ಆದರೂ ಕದ್ದುಮುಚ್ಚಿ ನಡೆಯುತ್ತಿತ್ತು. ಹಿಂದಿನ ವಾರದ ಹಂದಿ ಪಾಲು ಯಾರ್ಯಾರ ಮನೆಗೆ ಹೋಗಿತ್ತು ಅನ್ನುವುದು ಊರಿಗೆ ಗೊತ್ತು, ಪಾಲು ತಿಂದವರಿಗೂ ಗೊತ್ತು. ಪೊಲೀಸರು ಬಂದು ಕೇಳಿದರೆ ಶಿಕಾರಿ ವಿಷಯ ಬಾಯಿಬಿಡುವವರು ಯಾರು? ಊರು ಸುಮ್ಮನಾಗಲು ಇಷ್ಟು ಸಾಕು. ಪಿತೂರಿ ಬೇಡ, ಗುಪ್ತ ಸಭೆ ಬೇಡ.

ಆಮೇಲೆ ಊರಿನ ಮಟ್ಟದಲ್ಲಿ ಒಂದು ಪಿಸುಮಾತು: ‘ಪಾಪ, ಕಡವೆ ಅಂತ ಹೊಡೆದುಬಿಟ್ಟನಂತೆ.’ ಹೊಡೆದವನೇ ಆವತ್ತು ರಾತ್ರಿ ಗೆಳೆಯನಿಗೆ ಹೇಳಿದ್ದು: ‘ಹಳುವಿನ ಪೊದೆಯಲ್ಲಿ ಎರಡು ಕಣ್ಣು ಹೊಳೀತು, ಕಡವೆ ಅಂತ ಹೊಡೆದೆ.’ ಗೆಳೆಯ ನಂಬಿದ. ಮೂವತ್ತು ವರ್ಷ ನಂಬಿಕೊಂಡೇ ಬಂದ.

ಇಲ್ಲಿದೆ ನಿಮ್ಮ ಸುಳಿವು. ಕಡವೆ, ಜಿಂಕೆ, ಕಾಡುಬೆಕ್ಕು ಇವುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಎಸೆಯುವ ಒಂದು ಪದರ ಇರುತ್ತದೆ, ಅದಕ್ಕೇ ಬ್ಯಾಟರಿ ಬೆಳಕು ಬಿದ್ದರೆ ಕೆಂಡದ ಹಾಗೆ ಹೊಳೆಯುತ್ತವೆ. ಮನುಷ್ಯನ ಕಣ್ಣಿಗೆ ಆ ಪದರ ಇಲ್ಲ. ತಮಾಷೆ ನೋಡಿ, ಹಂದಿಗೂ ಇಲ್ಲ. ಅವನು ‘ಹಂದಿ ಅಂತ ಹೊಡೆದೆ, ಕಪ್ಪಗೆ ಏನೋ ಅಲ್ಲಾಡಿತು’ ಅಂದಿದ್ದರೆ ಇವತ್ತಿಗೂ ಯಾರೂ ಏನೂ ಮಾಡಲಾಗುತ್ತಿರಲಿಲ್ಲ. ಕಣ್ಣು ಹೊಳೆಯಿತು ಅಂದ ನೋಡಿ, ಅಲ್ಲಿ ಸಿಕ್ಕಿಬಿದ್ದ. ಹಳುವಿನಲ್ಲಿ ಕೂತಿದ್ದವನ ಕಣ್ಣು ಹೊಳೆಯಲು ಸಾಧ್ಯವೇ ಇಲ್ಲ. ಅವನು ಕಂಡದ್ದು ಮುಖ. ಇದನ್ನು ನಿಮ್ಮ ಇನ್‌ಸ್ಪೆಕ್ಟರ್ ಬಾಯಲ್ಲಿ ಹೇಳಿಸಬೇಡಿ. ಒಕ್ಕಲು ಮನೆಯವನ ಮೊಮ್ಮಗಳೋ ಮೊಮ್ಮಗನೋ ಯಾವುದೋ ರಾತ್ರಿ ಅಂಗಳದಲ್ಲಿ ಟಾರ್ಚ್ ಬಿಟ್ಟು, ‘ಅಜ್ಜಾ, ಬೆಕ್ಕಿನ ಕಣ್ಣು ಮಾತ್ರ ಹೊಳೆಯುತ್ತೆ, ನಿಂದು ಯಾಕೆ ಹೊಳೆಯಲ್ಲ?’ ಅಂತ ಕೇಳಲಿ. ಅವನು ಆ ರಾತ್ರಿ ಊಟ ಬಿಡಲಿ. ಓದುಗನಿಗೆ ವಿವರಣೆ ಮುಂದಿನ ಅಧ್ಯಾಯದಲ್ಲಿ ಸಿಕ್ಕರೆ ಸಾಕು.

ಈ ಒಂದು ಸುಳ್ಳಿನ ಮೇಲೆ ಕಾನೂನು ಹೇಗೆ ತಿರುಗುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಕಥೆಯ ಅರ್ಧ ಬಲ ಇಲ್ಲೇ ಇದೆ. ಗೊತ್ತಿದ್ದೂ ಹೊಡೆದಿದ್ದರೆ ಐಪಿಸಿ 302, ಕಾಲಮಿತಿ ಇಲ್ಲ. ಅಜಾಗರೂಕತೆಯಿಂದ ಆದ ಸಾವಾದರೆ 304ಎ. ಅದಕ್ಕೆ ಹೆಚ್ಚೆಂದರೆ ಎರಡು ವರ್ಷ ಶಿಕ್ಷೆ, ಹಾಗಾಗಿ ಮೂರು ವರ್ಷದೊಳಗೆ ಕೇಸು ಕೋರ್ಟಿಗೆ ಬರಬೇಕು. ‘ಸರಿ, ಮೂವತ್ತು ವರ್ಷ ಆಯ್ತಲ್ಲ, ಬಚಾವ್’ ಅಂದುಕೊಂಡರೆ ಅಷ್ಟು ಸಲೀಸಲ್ಲ. ಅಪರಾಧ ನಡೆದದ್ದೇ ಯಾರಿಗೂ ತಿಳಿಯದಿದ್ದರೆ, ನೊಂದವರಿಗೋ ಪೊಲೀಸರಿಗೋ ಮೊದಲು ತಿಳಿದ ದಿನದಿಂದ ಆ ಮೂರು ವರ್ಷ ಲೆಕ್ಕ. ಅಂದರೆ ‘ಅದು ಆಕಸ್ಮಿಕ, ಕಾಲವೂ ಮೀರಿದೆ’ ಅಂತ ವಾದಿಸಬೇಕಾದರೆ, ಸತ್ತವನ ತಾಯಿಗೆ ಆಗಲೇ ವಿಷಯ ಗೊತ್ತಿತ್ತು ಅಂತ ಅವನು ತೋರಿಸಬೇಕು. ಗೊತ್ತಿತ್ತಾ ಚಿಕ್ಕಮ್ಮನಿಗೆ? ಮಗ ಬೊಂಬಾಯಿಗೆ ಹೋದ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ ಆ ಹೆಂಗಸಿಗೆ, ಮನೆಯ ಮರ್ಯಾದೆಗೋ ಇನ್ನೊಬ್ಬ ಮಗನ ಪಾಲಿಗೋ ಬಾಯಿ ಮುಚ್ಚಿಕೊಂಡಿದ್ದ ಅವಳಿಗೆ, ಎಲ್ಲ ಗೊತ್ತಿತ್ತಾ? ತಾನು ಉಳಿಯಬೇಕೆಂದರೆ ಎಂಬತ್ತು ದಾಟಿದ ಚಿಕ್ಕಮ್ಮನನ್ನು ಕಟಕಟೆಗೆ ಹತ್ತಿಸಿ ‘ನಿನಗೆ ಗೊತ್ತಿತ್ತು ಅಂತ ಹೇಳು’ ಅನ್ನಬೇಕು. ನೀವು ಗಾಥಿಕ್ ಗಾಥಿಕ್ ಅಂತಿದ್ದೀರಲ್ಲ, ನನ್ನ ಪ್ರಕಾರ ಅದು ಈ ದೃಶ್ಯದಲ್ಲಿದೆ. (ವಿಳಂಬ ಮನ್ನಿಸುವ ಅಧಿಕಾರ ಕೋರ್ಟಿಗಿದೆ, ಹಾಗಾಗಿ ಈ ವಾದ ಗೆದ್ದೇ ಗೆಲ್ಲುತ್ತದೆ ಅಂತಲೂ ಅಲ್ಲ. ಅವನು ಅದನ್ನು ಮಾಡಲು ತಯಾರಿದ್ದಾನೆ ಅನ್ನುವುದೇ ಕಥೆಗೆ ಸಾಕು.)

ಇನ್ನು ಸಾಕ್ಷ್ಯ. ಡಿಎನ್‌ಎ ಎಲುಬು ಯಾರದು ಅಂತ ಹೇಳಬಹುದು, ಕೊಂದವನು ಯಾರು ಅಂತ ಹೇಳುವುದಿಲ್ಲ. ಇನ್‌ಸ್ಪೆಕ್ಟರ್ ಎದುರಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಪೊಲೀಸರಿಗೆ ಕೊಟ್ಟ ತಪ್ಪೊಪ್ಪಿಗೆಯನ್ನು ಕಾನೂನು ಒಪ್ಪುವುದೇ ಇಲ್ಲ. ಅವನ ಮಾತಿನಿಂದ ಒಂದು ವಸ್ತುವೋ ಜಾಗವೋ ಹೊಸದಾಗಿ ಪತ್ತೆಯಾದರೆ ಅಷ್ಟು ಭಾಗ ಮಾತ್ರ ಲೆಕ್ಕಕ್ಕೆ. ನಿಮಗೆ ಬೇಕಾಗಿರುವುದು ಕಾಗದ. ನಮ್ಮ ಮನೆಗಳಲ್ಲಿ ಕಾಗದಕ್ಕೇನು ಬರವೇ?

ಅಡಿಕೆ ಸುಲಿಯುವ ರಾತ್ರಿ ನೆನಪಿದೆಯಾ ನಿಮಗೆ? ಈಗ ಯಂತ್ರ ಬಂದು ಆ ಗದ್ದಲ ಎಲ್ಲ ಹೋಯಿತು. ಆಗ ಅಂಗಳದ ಚಪ್ಪರದಡಿ ಗ್ಯಾಸ್‌ಲೈಟ್ ಹಚ್ಚಿ ಸಾಲಾಗಿ ಮೆಟ್ಟುಗತ್ತಿ ಹಾಕಿ ಕೂತರೆ ನಡುರಾತ್ರಿಯವರೆಗೆ ಸುಲಿಯುವುದು. ಒಂದು ಕಡೆ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಚೊಗರಿನ ವಾಸನೆ, ಮಧ್ಯೆ ಬೆಲ್ಲದ ಕಾಫಿ, ಯಾರೋ ಹೇಳುವ ಕಥೆ, ಸಿಪ್ಪೆ ರಾಶಿಯಲ್ಲಿ ನಿದ್ದೆ ಹೋದ ಮಕ್ಕಳು. ಎಲ್ಲರ ಬೆರಳೂ ಕಪ್ಪು, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಎದ್ದು ಹೋಗುವ ಮೊದಲು ಅವರವರು ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆದು, ಯಜಮಾನರು ಜಗುಲಿಯಲ್ಲಿ ಕೂತು ಪುಸ್ತಕದಲ್ಲಿ ಹೆಸರಿನ ಮುಂದೆ ಬರೆಯುತ್ತಿದ್ದರು, ಕೂಲಿ ಡಬ್ಬದ ಲೆಕ್ಕಕ್ಕೆ. ಕಾಣೆಯಾದ ರಾತ್ರಿ ಎಲ್ಲಿದ್ದೆ ಅಂದರೆ ಊರಿಗೆ ಊರೇ ಹೇಳುವುದು ಒಂದೇ ಮಾತು: ‘ದೊಡ್ಡಮನೇಲಿ ಅಡಿಕೆ ಸುಲೀತಿದ್ವಿ.’ ಆ ಪುಸ್ತಕ ತೆಗೆದು ನೋಡಿದರೆ ತಾನೇ ಗೊತ್ತಾಗುವುದು, ದಿನಾ ನಾಲ್ಕು ಡಬ್ಬ ಸುಲಿಯುತ್ತಿದ್ದ ಒಕ್ಕಲು ಮನೆಯವಳ ಮುಂದೆ ಆ ದಿನ ಒಂದೇ ಡಬ್ಬ. ಇನ್ನೊಬ್ಬನ ಹೆಸರೇ ಇಲ್ಲ. ಮತ್ತೊಬ್ಬನ ಮುಂದೆ ಬರೆದು, ಹೊಡೆದು, ಮತ್ತೆ ಬರೆದಿದೆ, ಮೊದಲಿನ ಶಾಯಿ ಬೇರೆ, ಆಮೇಲಿನ ಶಾಯಿ ಬೇರೆ. ತಿದ್ದಿದ ಕೈ ಯಜಮಾನರದು, ಅಂದರೆ ಅಪ್ಪನಿಗೂ ಗೊತ್ತಿತ್ತು.

ಇದಕ್ಕೆ ಕಾನೂನಿನ ಒತ್ತಾಸೆಯೂ ಇದೆ. ಮೂವತ್ತು ವರ್ಷ ಹಳೆಯ ಕಾಗದ, ಇರಬೇಕಾದ ಜಾಗದಿಂದಲೇ ಬಂದಿದ್ದರೆ, ಅದರ ಕೈಬರಹ ಮತ್ತು ಸಹಿ ಯಾರದೆಂದು ಅದು ಹೇಳುತ್ತದೋ ಅವರದೇ ಅಂತ ಕೋರ್ಟು ಭಾವಿಸಬಹುದು. ಹಳೇ ಸಾಕ್ಷ್ಯ ಕಾಯ್ದೆಯ 90ನೇ ಸೆಕ್ಷನ್, ಹೊಸ ಸಾಕ್ಷ್ಯ ಅಧಿನಿಯಮದ 92. ಬರೆದವರು ಸತ್ತಿದ್ದರೂ ತೊಂದರೆ ಇಲ್ಲ. ಬರೆದದ್ದೆಲ್ಲ ನಿಜ ಅಂತ ಮಾತ್ರ ಅಲ್ಲ, ಬರೆದ ಕೈ ಅವರದು ಅಂತ ಅಷ್ಟೇ. 1994ರ ನವೆಂಬರಿನ ಪುಸ್ತಕಕ್ಕೆ 2024ರ ನವೆಂಬರಿನಲ್ಲಿ ಮೂವತ್ತು ತುಂಬಿತು. ಪುಸ್ತಕ ದೊಡ್ಡಮನೆಯ ನಾಗಂದಿಗೆಯ ಮೇಲೋ ಯಜಮಾನರ ಪೆಟ್ಟಿಗೆಯಲ್ಲೋ ಸಿಗಬೇಕು. ಗುಜರಿ ಅಂಗಡಿಯಲ್ಲಿ ಸಿಕ್ಕಿದರೆ ಎದುರು ವಕೀಲರು ಅಲ್ಲೇ ಹಿಡಿಯುತ್ತಾರೆ.

ಗೆಳೆತನ, ಪೈಪೋಟಿಗೆ ಬರುತ್ತೇನೆ. ನೀವು ಬರೆದಿರುವ ಹಾಗೆ ಎಸ್‌ಎಸ್‌ಎಲ್‌ಸಿ ಮಾರ್ಕು, ಒಬ್ಬಳೇ ಹುಡುಗಿಯನ್ನು ಇಬ್ಬರೂ ಇಷ್ಟಪಡುವುದು, ಇದಕ್ಕೆಲ್ಲ ಕೊಲೆಯವರೆಗೆ ಹೋಗುವ ಶಕ್ತಿ ಇಲ್ಲ. ನಿಮ್ಮ ಊರಿನ ಮಣ್ಣಲ್ಲೇ ಇರುವುದನ್ನು ಬಿಟ್ಟಿದ್ದೀರಿ. ಕಾಗೋಡು ನಿಮ್ಮ ತಾಲ್ಲೂಕೇ ಅಲ್ವಾ? 1951ರ ಗೇಣಿದಾರರ ಸತ್ಯಾಗ್ರಹ ನಡೆದ ಊರು. 1974ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಒಕ್ಕಲುಗಳು ತಾವು ಉಳುವ ಜಮೀನು ತಮಗೇ ಬೇಕೆಂದು ಫಾರಂ 7ರಲ್ಲಿ ಡಿಕ್ಲರೇಷನ್ ಹಾಕಿದರು, ಭೂ ನ್ಯಾಯಮಂಡಳಿಯ ಮುಂದೆ ಧಣಿಯೂ ಒಕ್ಕಲೂ ಎದುರುಬದುರು ನಿಂತರು. ನಿಮ್ಮ ಇಬ್ಬರು ಹುಡುಗರೂ ಆಗ ಐದಾರು ವರ್ಷದವರು. ಅಪ್ಪಂದಿರು ಮಾತು ಬಿಟ್ಟಿದ್ದಾರೆ, ಮಕ್ಕಳು ಮಾತ್ರ ಒಂದೇ ಶಾಲೆಗೆ ಒಂದೇ ಕಂಬಳಿ ಕೊಪ್ಪೆಯೊಳಗೆ ಹೋಗುತ್ತಾರೆ. ದೊಡ್ಡಮನೆ ಹುಡುಗನಿಗೆ ‘ನಮ್ಮ ಗದ್ದೆ ತಿಂದವರು’ ಅನ್ನುವ ಮಾತು ಊಟದ ಹೊತ್ತಿಗೆಲ್ಲ ಕಿವಿಗೆ ಬೀಳುತ್ತದೆ. ಒಕ್ಕಲು ಮನೆ ಹುಡುಗನಿಗೆ ಗೆಳೆಯನ ಮನೆಯ ಜಗುಲಿಯಿಂದ ಒಳಗೆ ಬಾ ಅಂತ ಯಾರೂ ಕರೆದಿಲ್ಲ. ಇವನು ಅವನಿಗಿಂತ ಓದಿನಲ್ಲಿ ಮುಂದೆ, ಆದರೆ ಕಾಲೇಜಿಗೆ ಕಳಿಸಿದ್ದು ಅವನನ್ನು. ಇಬ್ಬರೂ ಇದನ್ನೆಲ್ಲ ಎಂದೂ ಆಡಿಕೊಂಡಿಲ್ಲ, ಅದಕ್ಕೇ ಅವರು ಗೆಳೆಯರಾಗಿ ಉಳಿದಿರುವುದು. ಇಂಥ ಇಬ್ಬರ ನಡುವೆ ಮೂರನೆಯವನು, ದೊಡ್ಡಮನೆಯ ದಾಯಾದಿ, ಒಂದು ದಿನ ‘ನನ್ನ ಪಾಲು ಕೊಡಿ, ನಾನು ಒಕ್ಕಲಿಗೇ ಮಾರುತ್ತೇನೆ’ ಅಂದರೆ? ನೋಡಿ, ಕೊಲೆಗೆ ಕಾರಣವೂ ಸಿಕ್ಕಿತು. ಹುಡುಗಿ ಪಾಪ ನೆಮ್ಮದಿಯಾಗಿರಲಿ.

ಮತ್ತೆ ಈ ಗೆಳೆತನವನ್ನು ಕೊನೆಯಲ್ಲಿ ಮುರಿಯುವುದಕ್ಕೆ ಕಾನೂನಿನಲ್ಲಿ ಒಂದು ಹೇಳಿ ಮಾಡಿಸಿದ ಏರ್ಪಾಡಿದೆ: ಮಾಫಿ ಸಾಕ್ಷಿ. ಅಪರಾಧದಲ್ಲಿ ಪಾಲಿದ್ದವನು ಇದ್ದದ್ದನ್ನು ಇದ್ದ ಹಾಗೆ ಪೂರ್ತಿ ಹೇಳುತ್ತೇನೆ ಅಂದರೆ ಕೋರ್ಟು ಅವನಿಗೆ ಕ್ಷಮೆ ಕೊಟ್ಟು ಸಾಕ್ಷಿ ಮಾಡಿಕೊಳ್ಳಬಹುದು. ಏನಾದರೂ ಮುಚ್ಚಿಟ್ಟರೆ ಕ್ಷಮೆ ಹೋಯಿತು. ಇಬ್ಬರಲ್ಲಿ ಮೊದಲು ಹೋದವನು ಉಳಿಯುತ್ತಾನೆ. ಮೂವತ್ತು ವರ್ಷ ಒಬ್ಬರನ್ನೊಬ್ಬರು ಬಿಟ್ಟುಕೊಡದವರು ಈಗ ಒಬ್ಬರ ಮನೆ ಮುಂದೆ ಇನ್ನೊಬ್ಬರು ಸುಮ್ನೆ ನಡೆದುಹೋಗಿ, ಚಪ್ಪಲಿ ಇದೆಯಾ, ಬೈಕು ಇದೆಯಾ, ಶಿವಮೊಗ್ಗಕ್ಕೆ ಏನಾದರೂ ಹೋದನಾ ಅಂತ ನೋಡುತ್ತಾರೆ. ನಿಮ್ಮ ಕೊನೆಯ ನಲವತ್ತು ಪುಟಕ್ಕೆ ಇದೇ ಸಾಕು. ಹೊಡೆದಾಟ ಬೇಡ, ಜಲಪಾತದ ಅಂಚು ಬೇಡ.

ದೆವ್ವ ಇಲ್ಲದ ಗಾಥಿಕ್ ಬಗ್ಗೆ. ಹಳೇ ಮನೆ, ಹಳೇ ಪಾಪ, ಅದರ ಲೆಕ್ಕ ಮೊಮ್ಮಕ್ಕಳ ತಲೆಗೆ ಬರುವುದು, ಗಾಥಿಕ್ ಅಂದರೆ ಇಷ್ಟೇ ತಾನೇ. ಆ ಬಗೆಯ ಮೊದಲ ಕಾದಂಬರಿ ಲಂಡನ್ನಿನಲ್ಲಿ ಅಚ್ಚಾದದ್ದು 1764ರ ಕೊನೆಗೆ. ಅದಕ್ಕೆ ಒಂದು ವರ್ಷ ಮೊದಲು, 1763ರಲ್ಲಿ, ನಿಮ್ಮ ಪಕ್ಕದ ಬಿದನೂರಿನಲ್ಲಿ (ಈಗಿನ ನಗರ) ಅಂಥದ್ದೇ ನಡೆದುಹೋಗಿತ್ತು. ಕೆಳದಿಯ ರಾಣಿ ವೀರಮ್ಮಾಜಿಯ ದತ್ತುಮಗ ಚೆನ್ನಬಸಪ್ಪ ನಾಯಕ ಕೊಲೆಯಾದ ಅಂತ ಅದಕ್ಕೂ ಮೊದಲೇ ಸುದ್ದಿ. ಕೆಲವು ವರ್ಷದ ಮೇಲೆ ಒಬ್ಬ ಹುಡುಗ ಹೈದರಾಲಿಯ ಹತ್ತಿರ ಬಂದು ‘ನಾನೇ ಆ ಚೆನ್ನಬಸಪ್ಪ, ಸತ್ತಿಲ್ಲ’ ಅಂದ. ಹೈದರನಿಗೆ ಬೇಕಾಗಿದ್ದದ್ದೂ ಅಂಥ ಒಂದು ನೆಪವೇ. ಊರು ಹೈದರನಗರ ಆಯಿತು, ರಾಣಿ ಮಧುಗಿರಿ ಕೋಟೆಯ ಸೆರೆ ಸೇರಿದಳು. ಸತ್ತನೆಂದುಕೊಂಡವನು ತಿರುಗಿ ಬಂದು ಪಾಲು ಕೇಳುವುದು! ನಗರದ ಕೋಟೆಗೆ ಒಮ್ಮೆ ಹೋಗಿ ಬನ್ನಿ. ನಿಮ್ಮ ಕಥೆಗೂ ಮಧ್ಯದಲ್ಲಿ ಬೊಂಬಾಯಿಯಿಂದ ಒಬ್ಬ ಬಂದು ‘ನಾನೇ’ ಅಂದರೆ ಇಬ್ಬರು ಗೆಳೆಯರ ಮುಖ ಹೇಗಾಗುತ್ತದೆ, ಯೋಚಿಸಿ. ಅವನು ಸುಳ್ಳ ಅಂತ ಗೊತ್ತಿರುವುದು ಅವರಿಬ್ಬರಿಗೆ ಮಾತ್ರ. ಹೇಗೆ ಗೊತ್ತು ಅಂತ ಅವರು ಹೇಳುವ ಹಾಗಿಲ್ಲ.

ಸಣ್ಣ ಸಣ್ಣದು ಇನ್ನೂ ಇವೆ. ನಮ್ಮ ಕಡೆ ತೋಟದ ಬೇಲಿಗೆ ‘ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ’ ಅಂತ ಬೋರ್ಡು ಹಾಕುತ್ತಾರಲ್ಲ, ಕಳ್ಳರಿಗೆ ಹೆದರಿಕೆ ಇರಲಿ ಅಂತ. ಬಾವಿ ಬಿಟ್ಟು ಹೆಣವನ್ನು ತೋಟದಲ್ಲೇ ಹೂತಿರಲಿ, ಆ ತೋಟಕ್ಕೆ ಬೋರ್ಡನ್ನು ಕೊಲೆಗಾರನೇ ಹಾಕಿಸಿರಲಿ. ಪ್ರತಿ ವರ್ಷ ಬಣ್ಣ ಹೊಡೆಸುತ್ತಾನೆ, ಒಳಗೆ ಮಾತ್ರ ಕಾಲಿಡುವುದಿಲ್ಲ. ಅಡಿಕೆ ಕೊನೆ ಇಳಿಸುವ ಕೊನೆಗಾರ, ಮರದಿಂದ ಮರಕ್ಕೆ ಮೇಲೇ ದಾಟಿಕೊಂಡು ಬರುವವನು, ಒಂದು ಕಡೆ ಮಾತ್ರ ಇಳಿದು ಸುತ್ತು ಹಾಕುತ್ತಾನೆ. ಯಾಕೆ ಅಂದರೆ ‘ಅಪ್ಪಯ್ಯನೂ ಹಾಗೇ ಮಾಡ್ತಿದ್ದ’ ಅನ್ನುತ್ತಾನೆ. ಕಥೆಯನ್ನು ಶರಾವತಿ ಹಿನ್ನೀರಿನ ಆಚೆ ದಡಕ್ಕೆ ಒಯ್ದರೆ ಇನ್ನೂ ಅನುಕೂಲ. 1994ರಲ್ಲಿ ಸಂಜೆ ಕಡೆಯ ಲಾಂಚ್ ಹೋಯಿತೆಂದರೆ ಬೆಳಗಿನವರೆಗೆ ಹೊಳೆ ದಾಟುವ ಹಾಗಿಲ್ಲ. ಯಾರು ದಾಟಿದರು ಅನ್ನುವುದು ಲಾಂಚಿನವರಿಗೆ ಗೊತ್ತೇ ಇರುತ್ತದೆ. ‘ಬೊಂಬಾಯಿಗೆ ಹೋದ’ ಅನ್ನುವ ಸುಳ್ಳು ಅಲ್ಲೇ ಒಡೆಯುತ್ತದೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು, ಈಗ ಪೊಲೀಸ್ ಜೀಪು ಕೆಲವೇ ನಿಮಿಷದಲ್ಲಿ ಅಂಗಳಕ್ಕೆ ಬರುತ್ತದೆ. ಮಳೆ ಕಮ್ಮಿಯಾದ ವರ್ಷ ಬೇಸಿಗೆಯಲ್ಲಿ ಲಿಂಗನಮಕ್ಕಿ ನೀರು ಇಳಿದು ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ನಿಲ್ಲುತ್ತದೆ. ನೀವು ಅದನ್ನು ಬಳಸದೇ ಬಿಟ್ಟರೆ ನನಗಂತೂ ಬೇಜಾರು.

ಎಲುಬಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬೆಳ್ಳಗೆ, ಪೂರ್ತಿ, ಜೋಡಿಸಿಟ್ಟ ಹಾಗಿರುವ ಅಸ್ಥಿಪಂಜರ ನಮ್ಮ ಮಣ್ಣಿನಲ್ಲಿ ಮೂವತ್ತು ವರ್ಷದ ಮೇಲೆ ಸಿಗುವುದಿಲ್ಲ. ಜಂಬಿಟ್ಟಿಗೆ ಮಣ್ಣು ಹುಳಿ, ಅದರ ಮೇಲೆ ಅಷ್ಟು ಮಳೆ. ಎಲುಬು ಕಂದಾಗಿ ಮೆತ್ತಗಾಗಿರುತ್ತದೆ, ಬೆರಳಿನ ಸಣ್ಣ ಎಲುಬುಗಳು ಕರಗಿಹೋಗಿರುತ್ತವೆ. ಹಲ್ಲು ಉಳಿಯುತ್ತದೆ, ಡಿಎನ್‌ಎಗೂ ಹೆಚ್ಚಾಗಿ ಹಲ್ಲನ್ನೇ ನೋಡುತ್ತಾರೆ, ತಾಯಿಯದೋ ಒಡಹುಟ್ಟಿದವರದೋ ರಕ್ತದ ಜೊತೆ ಹೋಲಿಸಿ. ಪರ್ಸು, ಗುರುತಿನ ಚೀಟಿ ಎಲ್ಲ ತೆಗೆದುಹಾಕಿ. ಅದರ ಬದಲು ಅವನ ಬೆರಳಿಗೆ ಉಷ್ಣಕ್ಕೆ ಒಳ್ಳೇದು ಅಂತ ಹಾಕಿಕೊಳ್ಳುವ ತಾಮ್ರದ ಉಂಗುರ ಕೊಡಿ. ತಾಮ್ರ ತಾಗಿದ ಎಲುಬು ಹಸಿರಾಗುತ್ತದೆ, ತಾಮ್ರಕ್ಕೆ ಕೊಳೆಸುವ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಇರುವುದರಿಂದ ಆ ತುಂಡು ಉಳಿದವಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ. ಕೊಳೆ ರೋಗಕ್ಕೆ ಮೈಲುತುತ್ತ ಹೊಡೆಯುವ ನಮ್ಮವರಿಗೆ ಇದನ್ನು ವಿವರಿಸುವುದೇ ಬೇಡ. ಉಳಿದ ಕೈಯೆಲ್ಲ ಮಣ್ಣಾಗಿ ಹಸಿರು ಬಣ್ಣದ ಒಂದೇ ಒಂದು ಬೆರಳೆಲುಬು ಸಿಗಲಿ. ಅದನ್ನು ನೋಡಿ ಚಿಕ್ಕಮ್ಮ ಏನೂ ಕೇಳದೆ ಬಚ್ಚಲಿಗೆ ಹೋಗಿ ತಲೆ ಮೇಲೆ ನೀರು ಹೊಯ್ದುಕೊಂಡರೆ, ಅವಳಿಗೆ ಗೊತ್ತಿತ್ತಾ ಅನ್ನುವ ಪ್ರಶ್ನೆಗೂ ಉತ್ತರ ಸಿಕ್ಕ ಹಾಗಾಯಿತು.

ಕಡೆಯದಾಗಿ, ನಿಮ್ಮ ಇನ್‌ಸ್ಪೆಕ್ಟರ್ ಚಾರ್ಜ್‌ಶೀಟಿನಲ್ಲಿ ನ್ಯಾಯ ಸಂಹಿತೆಯ 103 ಅಂತ ಬರೆದಿದ್ದಾರೆ. ಹೊಸ ಕಾನೂನು ಬಂದದ್ದು 2024ರ ಜುಲೈ 1ಕ್ಕೆ. ಅದಕ್ಕೆ ಮೊದಲು ನಡೆದ ಅಪರಾಧಕ್ಕೆ ಹಳೇ ಐಪಿಸಿಯೇ ಅನ್ವಯ, ಅದನ್ನು 302 ಮಾಡಿ. ಜೊತೆಗೆ ಸಾಕ್ಷ್ಯ ನಾಶಕ್ಕೆ 201 ಸೇರಿಸಿ, ಹೂತವನೂ ಕೇಸಿನೊಳಗೆ ಬರಬೇಕಲ್ಲ. ಗಲ್ಲು, ಜೀವಾವಧಿ ಅಂತ ತೀರ್ಪು ಬರೆಯಲು ಹೋಗಬೇಡಿ. ಸೆಷನ್ಸ್ ಕೋರ್ಟಿನಲ್ಲಿ ಮೊದಲನೇ ಸಾಕ್ಷಿ ಕರೆಯುವ ಹೊತ್ತಿಗೆ ನಿಮ್ಮ ಎರಡನೇ ಕಾದಂಬರಿ ಮುಗಿದಿರುತ್ತದೆ.